ಧನುರ್ಮಾಸದಲ್ಲಿ ಚೆನ್ನೈಯ ಸಂಗೀತಯಾತ್ರೆ

ಡಿಸೆಂಬರ ತಿಂಗಳು ಬಂದಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸಂಗೀತಪ್ರಿಯರಿಗೆ ಪುಣೆಯ ನೆನಪಾಗುವದು. ಸವಾಯಿ ಗಂಧರ್ವರ ಸ್ಮರಣಾರ್ಥವಾಗಿ 1953ರಲ್ಲಿ ಆರಂಭವಾದ ಉತ್ಸವವು ಅಲ್ಲಿರುವದು. ಸವಾಯಿ ಗಂಧರ್ವರು ಕುಂದಗೋಳದವರು, ಅದನ್ನು ಬೆಳೆಯಿಸಿದ ಭೀಮಸೇನ ಜೋಶಿಯವರು ಗದಗಿನ ಸೀಮೆಯವರು. ಆದರೆ ಅದೇ ತಿಂಗಳಲ್ಲಿ ಪೂರ್ವಸಮುದ್ರದ ತೀರದಲ್ಲಿರುವ ಚೆನ್ನೈಗೆ, ಎಂದರೆ ಹಿಂದಿನ ಮದ್ರಾಸಿಗೆ, ಸಂಗೀತ ಕೇಳಲು ಹೋಗೋಣವೆಂದರೆ “ಅದು ನಮ್ಮ ಸಂಗೀತವಲ್ಲ” ಎಂಬ ಉತ್ತರವು ಸಿದ್ಧವಾಗಿರುತ್ತದೆ. ಈ ಮಾತನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕಾಗಿದೆ.

ಖಾನಸಾಹೇಬ ಅಬ್ದುಲ ಕರೀಮಖಾನರ ಹೆಸರನ್ನು ಅರಿಯದವರು ನಮ್ಮಲ್ಲಿ ವಿರಳ. ಕೃಷ್ಣೆಯ ದಂಡೆಯ ಮಿರಜಿಯಲ್ಲಿ ನೆಲೆಸಿದ್ದ ಈ ಮಹಾಗಾಯಕರೇ ಸವಾಯಿ ಗಂಧರ್ವರ ಗುರುಗಳು. ಜಮಖಂಡಿಯಲ್ಲಿಯೂ ಮಿರಜಿಯಲ್ಲಿಯೂ ಆಳಿದವರು ಒಂದೇ ಪಟವರ್ಧನ ಮನೆತನದವರಾದುದರಿಂದ ಮಿರಜಿಯು ನಮಗೆ ಪರದೇಶವಲ್ಲ. ಖಾನಸಾಹೇಬರು ಮೈಸೂರಿನ ಆಸ್ಥಾನಕ್ಕೂ ಮದ್ರಾಸಿಗೂ ಹೋಗಿ ಹಾಡಿದರು. ದಾಕ್ಷಿಣಾತ್ಯರ ಸ್ವರಪ್ರಸ್ತಾರವನ್ನು ಮನಸ್ಸಿಟ್ಟು ಕೇಳಿ ತಮ್ಮ ಗಾಯನದಲ್ಲಿ ಅಳವಡಿಸಿಕೊಂಡರು. ತ್ಯಾಗರಾಜರ ಕೃತಿಯನ್ನು ಹಾಡಿ ಧ್ವನಿಮುದ್ರಿಕೆಯನ್ನೂ ಕೊಟ್ಟರು. 1937ರ ಅಕ್ಟೋಬರದಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಾಗ ದಾರಿಯಲ್ಲಿ ದೇಹಾಲಸ್ಯವಾಗಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದು, ಅಲ್ಲಿಯೇ ದೇಹವಿಟ್ಟರು. ಸಮಾಧಿಯು ಮಿರಜಿಯಲ್ಲಿದೆ. ನಮ್ಮ ಹಾಡಿಕೆಯ ಗುರುಪರಂಪರೆಯೇ ಹೀಗೆ ತೆಂಕಣದ ಋಣವನ್ನು ಹೊತ್ತಿರುವಾಗ “ನಮ್ಮದಲ್ಲ” ಎಂದು ಯಾವ ಬಾಯಿಂದ ಹೇಳುವದು?

ಶಾಸ್ತ್ರದ ಮಾತಿಗೆ ಬಂದರೆ, ಎರಡೂ ಪದ್ಧತಿಯವರು ತಲೆಬಾಗುವ ಸಂಗೀತರತ್ನಾಕರವನ್ನು ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ಬರೆದುದು ದೇವಗಿರಿಯ ಯಾದವರ ಆಶ್ರಯದಲ್ಲಿ. ನಮ್ಮ ಸೀಮೆಯೂ ಆಗ ಅವರ ಆಳಿಕೆಯಲ್ಲಿದ್ದಿತು. ರಾಗಗಳು ಒಂದೇ, ಹೆಸರು ಮಾತ್ರ ಅದಲುಬದಲು. ನಮ್ಮ ಭೂಪವು ಅಲ್ಲಿ ಮೋಹನ, ಮಾಲಕಂಸವು ಹಿಂದೋಳ, ಯಮನವು ಕಲ್ಯಾಣಿ. ತೋಡಿ ಎಂದು ಕೇಳಿ ಸಂತೋಷದಿಂದ ಕುಳಿತವನಿಗೆ ಮಾತ್ರ ಆಶ್ಚರ್ಯ ಕಾದಿರುವದು, ಏಕೆಂದರೆ ಅವರ ತೋಡಿಯ ಸ್ವರಗಳು ನಮ್ಮ ಭೈರವಿಯವು! ನಮ್ಮ ತೋಡಿಗೆ ಅವರಲ್ಲಿ ಶುಭಪಂತುವರಾಳಿ ಎಂದು ಹೆಸರು. ಆದರೆ ಸ್ವರಗಳು ಒಂದೇ ಎಂದಮಾತ್ರಕ್ಕೆ ಸ್ವಾರಸ್ಯವೂ ಒಂದೇ ಎಂದು ತಿಳಿಯಬಾರದು. ನಮ್ಮವರು ಸ್ವರದ ಮೇಲೆ ದೀಪದ ಕುಡಿಯಂತೆ ನಿಲ್ಲುವರು; ಅವರು ಗಮಕದಿಂದ ಅದನ್ನು ತೂಗುವರು. ವಿಲಂಬಿತ ಖ್ಯಾಲಕ್ಕೆ ಒಗ್ಗಿದ ಕಿವಿಗೆ ಮೊದಲ ದಿನ ಇದು ಅವಸರವೆನಿಸುವದು. ಮೂರನೆಯ ದಿನಕ್ಕೆ ಕಿವಿಯು ಹದಕ್ಕೆ ಬರುವದು. ಆದುದರಿಂದ ಒಂದೇ ಕಚೇರಿಯನ್ನು ಕೇಳಿ ತೀರ್ಪು ಕೊಡಲಾಗದು.

ಈ ಉತ್ಸವದ ಮೂಲವು 1927ರ ಡಿಸೆಂಬರದಲ್ಲಿ ಮದ್ರಾಸಿನ ಕಾಂಗ್ರೆಸ್ ಅಧಿವೇಶನದೊಡನೆ ನಡೆದ ಸಂಗೀತ ಪರಿಷತ್ತಿನಲ್ಲಿದೆ. ಅದರ ಫಲವಾಗಿ 1928ರಲ್ಲಿ ಮ್ಯೂಜಿಕ್ ಅಕಾಡೆಮಿಯು ಹುಟ್ಟಿತು. ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ಸ್ವಾಮಿ ಸಭೆಯು ಅದಕ್ಕಿಂತಲೂ ಹಿರಿಯದು, 1900ರದು. ಈಗ ಮೈಲಾಪುರ, ತ್ಯಾಗರಾಯನಗರಗಳಲ್ಲಿ ಬೀದಿಗೊಂದರಂತೆ ಸಭೆಗಳಿವೆ. ಮುಂಜಾನೆ ಶಾಸ್ತ್ರಚರ್ಚೆ, ಮಧ್ಯಾಹ್ನ ಕಿರಿಯರ ಗಾಯನ, ಸಂಜೆ ಹಿರಿಯರದು. ಕಿರಿಯರ ಕಚೇರಿಗಳಿಗೆ ಅನೇಕ ಕಡೆಗಳಲ್ಲಿ ಟಿಕೀಟಿಲ್ಲ. ಒಳ್ಳೆಯ ಹಾಡಿಕೆಯು ಎಷ್ಟೋ ಸಲ ಅಲ್ಲಿಯೇ ಸಿಕ್ಕುವದು. ಶ್ರೋತೃಗಳು ತೊಡೆಯ ಮೇಲೆ ತಾಳ ಹಾಕುತ್ತ ಕುಳಿತಿರುವದನ್ನು ನೋಡುವದೇ ಒಂದು ಶಿಕ್ಷಣ. ಸಭೆಗಳ ಉಪಾಹಾರಗೃಹಗಳಿಗೂ ದೊಡ್ಡ ಕೀರ್ತಿಯಿದೆ. ಕೆಲವರು ಅದಕ್ಕಾಗಿಯೇ ಬರುವರೆಂಬುದು ಬರಿಯ ಅಪವಾದವಲ್ಲ.

ಒಂದು ಆಕ್ಷೇಪವನ್ನು ಹೇಳದೆ ಇರಲಾರೆ. ಕರ್ನಾಟಕ ಸಂಗೀತದ ಪಿತಾಮಹರೆಂದು ಅವರು ಕೊಂಡಾಡುವದು ನಮ್ಮ ಪುರಂದರದಾಸರನ್ನು. ಮಕ್ಕಳಿಗೆ ಮೊದಲ ಪಾಠವಾದ ಸರಳೆವರಸೆಯು ಇಂದಿಗೂ ದಾಸರ ಹೆಸರಿನಲ್ಲಿ ನಡೆಯುತ್ತಿದೆ. ಅದರ ರಾಗವಾದ ಮಾಯಾಮಾಳವಗೌಳದಲ್ಲಿರುವವು ನಮ್ಮ ಭೈರವದ ಸ್ವರಗಳೇ. ಹೀಗಿದ್ದೂ ದೇವರನಾಮಕ್ಕೆ ಕಚೇರಿಯಲ್ಲಿ ಸ್ಥಾನವು ಸಾಮಾನ್ಯವಾಗಿ ಕೊನೆಯಲ್ಲಿ, ತನಿ ಆವರ್ತನವು ಮುಗಿದು ಅರ್ಧ ಜನರು ಎದ್ದುಹೋಗುವ ಹೊತ್ತಿಗೆ. ಉಚ್ಚಾರದಲ್ಲಿಯೂ ಅಲ್ಪಪ್ರಾಣ ಮಹಾಪ್ರಾಣಗಳು ಹಲವು ಸಲ ಒಂದಾಗುವವು. ಆದರೆ ಇದಕ್ಕೆ ಅವರನ್ನು ದೂರುವ ಮೊದಲು, ಕನ್ನಡ ಬಲ್ಲ ಶ್ರೋತೃಗಳು ಆ ಸಭೆಯಲ್ಲಿ ಎಷ್ಟು ಜನರಿದ್ದರೆಂದು ಎಣಿಸಬೇಕು. ಕೇಳುವವರಿದ್ದರೆ ಹಾಡುವವರು ತಿದ್ದಿಕೊಳ್ಳುವರು.

ಹೋಗುವವರು ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರೇಲ್ವೆಯಿಂದ ಬೆಂಗಳೂರ ಮಾರ್ಗವಾಗಿ ಚೆನ್ನೈ ಸೇರಬಹುದು. ಡಿಸೆಂಬರದ ಎರಡನೆಯ ಪಕ್ಷದಲ್ಲಿ ಉತ್ಸವಕ್ಕೆ ಭರ. ವಸತಿಯನ್ನು ಮೊದಲೇ ಗೊತ್ತುಪಡಿಸಿಕೊಳ್ಳತಕ್ಕದ್ದು. ನಸುಕಿನಲ್ಲಿ ಮೈಲಾಪುರದ ಕಪಾಲೀಶ್ವರನ ಗುಡಿಯ ಬೀದಿಗಳಲ್ಲಿ ಭಜನೆಯ ಮೇಳಗಳು ತಿರುಗುವವು; ಹುಗ್ಗಿಯ ನೈವೇದ್ಯಕ್ಕೆ ಏಳುವ ನಮ್ಮ ಹೆಣ್ಣುಮಕ್ಕಳಿಗೆ ಅದು ಹೊಸದೆನಿಸದು. ಸಂಜೆ ಬಿಡುವಾದರೆ ಮರೀನಾ ತೀರಕ್ಕೆ ಹೋಗಿ ಉಸುಕಿನ ಮೇಲೆ ಕುಳಿತುಕೊಳ್ಳಬಹುದು. ಘಟಪ್ರಭೆಯಲ್ಲಿ ಈಜಿದ ಧೈರ್ಯದಿಂದ ಮಾತ್ರ ಯಾರೂ ಆ ನೀರಿಗಿಳಿಯಬಾರದು; ಅಲ್ಲಿಯ ಸೆಳವು ಪ್ರಾಣಾಪಾಯಕರವಾದುದು.