ಹಳೆಯ ಮೋಟಾರು ದೋಣಿಗೆ ಹೊಸ ಒಳಮನೆ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಹಾಳುಗುಡಿಗಳನ್ನು ಕಂಡವರು ಅಲ್ಲಿಯ ಕಂಬಗಳ ನುಣುಪನ್ನು ಮರೆಯಲಾರರು. ಚರಕಿಗೆ ಕೊಟ್ಟು ಕಡೆದ ಮರವೋ ಎಂಬಂತೆ ಬಳೆಬಳೆಯಾಗಿ ಇಳಿದಿರುವ ಆ ಕಲ್ಲುಗಳು ಬಡಗಿಯ ಕೈಚಳಕವನ್ನೇ ನೆನಪಿಗೆ ತರುತ್ತವೆ. ಶಾಸನಗಳಲ್ಲಿ ನಾಗರಖಂಡವೆಂದು ಹೆಸರಾದ ಈ ನಾಡಿನಲ್ಲಿ ಕಲ್ಲು ಉಳಿದಿದೆ; ಆದರೆ ಅಂದಿನ ಮನೆಗಳ ತೊಲೆ, ಕದ, ಕಿಟಕಿಗಳೆಲ್ಲ ಮಣ್ಣುಗೂಡಿವೆ. ವಯಸ್ಸೊಂದೇ ಮರವನ್ನು ಕೊಲ್ಲುವುದಿಲ್ಲ. ಒಣಗಿದ ಮರ ಶತಮಾನಗಳ ಕಾಲ ಬಾಳಬಲ್ಲದು. ಅದನ್ನು ಕೊಲ್ಲುವುದು ತೇವ, ಮತ್ತು ತೇವವನ್ನು ಹಿಂಬಾಲಿಸಿ ಬರುವ ಜೀವಿಗಳು.

ಈ ವೈರಿಯೊಡನೆ ಹಗಲಿರುಳು ಬಾಳಬೇಕಾದ ಮರಗೆಲಸವೆಂದರೆ ದೋಣಿಯದು. ಮಲೆನಾಡಿನವರಿಗೆ ದೋಣಿಯ ಮಾತು ಹೊಸತಲ್ಲ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಲಾಂಚುಗಳೇ ದಶಕಗಳ ಕಾಲ ಜನರನ್ನೂ ವಾಹನಗಳನ್ನೂ ದಾಟಿಸಿದುವು. ೨೦೨೫ರ ಜುಲೈ ೧೪ರಂದು ಅಲ್ಲಿ ಸೇತುವೆ ತೆರೆಯಿತು. ಘಟ್ಟದ ಕೆಳಗೆ ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿಗಳಲ್ಲಿ ಕೋಣೆಯುಳ್ಳ ಮರದ ಮೋಟಾರು ದೋಣಿಗಳ ಪರಂಪರೆಯೇ ಇದೆ. ಇಂಥ ಹಳೆಯ ದೋಣಿಯೊಂದರ ಕೋಣೆಯನ್ನು ಹೊಸದಾಗಿಸುವ ಬಗೆ ಹೇಗೆ? ವಾಚಕರೊಡನೆ ನಾವು ಅದನ್ನು ಹಂತಹಂತವಾಗಿ ನೋಡೋಣ.

ಮೊದಲು ಒಂದು ವಿಚಿತ್ರವನ್ನು ತಿಳಿದಿರಬೇಕು. ಮರದ ದೋಣಿ ಬಹುಮಟ್ಟಿಗೆ ಕೊಳೆಯುವುದು ತಾನು ತೇಲುವ ಸಮುದ್ರದ ನೀರಿನಿಂದಲ್ಲ, ಮೇಲಿನಿಂದ ಸೋರುವ ಮಳೆನೀರಿನಿಂದ. ಮರವನ್ನು ಕೊಳೆಯಿಸುವುದು ಶಿಲೀಂಧ್ರಗಳು. ಮರದಲ್ಲಿರುವ ನೀರಿನ ತೂಕ ಒಣಮರದ ತೂಕದ ನೂರಕ್ಕೆ ೨೦ಕ್ಕಿಂತ ಕಡಮೆಯಿದ್ದರೆ ಅವು ಬೆಳೆಯಲಾರವು. ಪೂರ್ತಿ ಮುಳುಗಿದ ಮರದಲ್ಲಿ ಗಾಳಿಯ ಕೊರತೆಯೂ ಉಪ್ಪುನೀರಿನಲ್ಲಿ ಲವಣವೂ ಅವನ್ನು ತಡೆಯುತ್ತವೆ. ಕಿಟಕಿಯ ಸಂದಿಯಿಂದ ಇಳಿದು, ಗಾಳಿಯಾಡದ ಹಲಗೆಯ ಬೆನ್ನಿಗೆ ನಿಂತ ಸಿಹಿನೀರಾದರೋ ಅವುಗಳಿಗೆ ಹಬ್ಬದೂಟ. ಆದುದರಿಂದ ಸೋರುವ ಸ್ಥಳಗಳನ್ನು ಮುಚ್ಚದೆ ಒಳಗಿನ ಮರಕ್ಕೆ ಕೈಹಾಕುವುದು ವ್ಯರ್ಥ.

ಸೋರಿಕೆ ನಿಂತ ಮೇಲೆ ಬಿಚ್ಚುವ ಕೆಲಸ. ಪ್ರತಿ ತುಂಡಿಗೂ ಅಂಕೆ ಹಾಕಿ, ಅದರ ಸ್ಥಳವನ್ನು ಒಂದು ನಕ್ಷೆಯಲ್ಲಿ ಗುರುತಿಸಬೇಕು. ಕೊಳೆತ ಹಲಗೆಯನ್ನೂ ಒಡನೆ ಎಸೆಯಬಾರದು. ಹೊಸದಕ್ಕೆ ಅದೇ ಅಚ್ಚು. ಒಳಹೊದಿಕೆ ತೆಗೆದಾಗ ದೋಣಿಯ ಪಕ್ಕೆಲುಬುಗಳು ಕಾಣಿಸುತ್ತವೆ. ಚೂಪಾದ ದಬ್ಬಳದಿಂದ ಅಲ್ಲಲ್ಲಿ ಚುಚ್ಚಿದರೆ ಗಟ್ಟಿಮರ ತಡೆಯುತ್ತದೆ, ಕೊಳೆತುದು ಬೆಣ್ಣೆಯಂತೆ ಒಳಗೊಳ್ಳುತ್ತದೆ. ಇಲ್ಲಿಯೇ ಪ್ರಾಮಾಣಿಕತೆಯ ಪರೀಕ್ಷೆ. ಕೊಳೆತ ಪಕ್ಕೆಲುಬಿನ ಮೇಲೆ ಚೆಂದದ ಹಲಗೆ ಹೊದಿಸಿ ಬಣ್ಣ ಬಳಿಯುವುದು ಬಲು ಸುಲಭ, ನೋಡಿದವರು ಮೆಚ್ಚಲೂಬಹುದು. ಆದರೆ ಹೊರಮೈಯ ಹಲಗೆಗಳನ್ನು ಬಿಗಿದ ಮೊಳೆಗಳು ಹಿಡಿದಿರುವುದು ಆ ಪಕ್ಕೆಲುಬನ್ನೇ. ಅಲೆ ಅಪ್ಪಳಿಸಿದ ದಿನ ಮೊಳೆ ಸಡಿಲಿದರೆ ಹೋಗುವುದು ಬಣ್ಣವಲ್ಲ, ಪ್ರಾಣ.

ಇನ್ನು ಮರದ ಆಯ್ಕೆ. ಪಶ್ಚಿಮ ಘಟ್ಟದ ಹೆಬ್ಬಲಸು ದೋಣಿಯ ಒಡಲಿಗೆ ಹೆಸರಾದುದು. ಒಳಗೆಲಸಕ್ಕೆ ತೇಗದಂಥದು ಮತ್ತೊಂದಿಲ್ಲ. ಅದರ ಚೇಗಿನಲ್ಲಿರುವ ಎಣ್ಣೆಯಂಥ ದ್ರವ್ಯಗಳು ಶಿಲೀಂಧ್ರಗಳಿಗೂ ಗೆದ್ದಲಿಗೂ ಒಗ್ಗವು. ಹೊರಗಿನ ಬಿಳಿಮರಕ್ಕೆ ಈ ಗುಣವಿಲ್ಲ. ತೇಗವೂ ಚಲಿಸುತ್ತದೆಂಬುದನ್ನು ಮರೆಯಲಾಗದು. ಹಸಿಹಲಗೆ ಪೂರ್ಣ ಒಣಗುವಾಗ ಅಗಲದಲ್ಲಿ ನೂರಕ್ಕೆ ಸುಮಾರು ೫ರಷ್ಟು ಕುಗ್ಗಬಹುದು. ಉದ್ದದಲ್ಲಿ ಬದಲಾವಣೆ ತೀರ ಅಲ್ಪ. ಆದಕಾರಣ ಅಗಲವಾದ ಹಲಗೆಯನ್ನು ಚೌಕಟ್ಟಿನ ಗಾಡಿಯೊಳಗೆ ಅಂಟಿಲ್ಲದೆ ಕೂರಿಸಿ, ಹಿಗ್ಗಿ ಕುಗ್ಗಲು ಎಡೆಗೊಡಬೇಕು. ಸೊರಬ, ಸಾಗರಗಳ ಗುಡಿಗಾರರು ಗಂಧದ ಕೊರಡನ್ನು ಕೆತ್ತುವಾಗ ಅದರ ಎಳೆಯ ದಿಕ್ಕನ್ನು ಗಮನಿಸಿಯೇ ಉಳಿ ಇಡುತ್ತಾರೆ. ದೋಣಿಯ ಬಡಗಿಗೂ ಅದೇ ಪಾಠ. ಪ್ಲೈವುಡ್ ಬಳಸುವುದಾದರೆ ಐಎಸ್ ೭೧೦ ಗುರುತಿನ ಸಾಗರ ದರ್ಜೆಯದೇ ಆಗಬೇಕು. ಅದರ ಅಂಟು ೭೨ ಗಂಟೆಗಳ ಕುದಿನೀರಿನ ಪರೀಕ್ಷೆಯನ್ನು ತಾಳುವಂಥದು.

ಮನೆಯ ಬಡಗಿ ಗುಂಡುತೂಕದ ನೂಲನ್ನೂ ಮೂಲೆಮಟ್ಟವನ್ನೂ ನಂಬುತ್ತಾನೆ. ದೋಣಿಯೊಳಗೆ ಇವೆರಡೂ ಕೈಕೊಡುತ್ತವೆ. ಅಲ್ಲಿ ಗೋಡೆ ಬಾಗಿದೆ, ನೆಲ ತೇಲುತ್ತಿದೆ. ಉಪಾಯ ಹೀಗಿದೆ: ತೆಳುವಾದ ರಟ್ಟನ್ನು ಬಾಗಿದ ಗೋಡೆಯ ಹತ್ತಿರ ನಿಲ್ಲಿಸಿ, ಕೈವಾರದ ಒಂದು ಕಾಲನ್ನು ಗೋಡೆಗುಂಟ ಜಾರಿಸಿದರೆ, ಇನ್ನೊಂದು ಕಾಲಿನ ಸೀಸದಕಡ್ಡಿ ಅದೇ ಬಾಗನ್ನು ರಟ್ಟಿನ ಮೇಲೆ ಬರೆಯುತ್ತದೆ. ಕೈವಾರದ ಅಗಲವನ್ನೂ ಹಿಡಿತದ ದಿಕ್ಕನ್ನೂ ನಡುವೆ ಬದಲಿಸಬಾರದು. ರಟ್ಟು ಸರಿಯಾಗಿ ಕೂತ ಮೇಲೆಯೇ ಮರಕ್ಕೆ ಗರಗಸ.

ಕೊಳೆತ ಭಾಗಕ್ಕೆ ತುಂಡು ಸೇರಿಸುವಾಗ ತುದಿಗೆ ತುದಿ ಅಂಟಿಸಿದರೆ ನಿಲ್ಲದು. ಎಳೆಯ ಕೊನೆಗಳು ಅಂಟನ್ನು ಹೀರಿಬಿಡುತ್ತವೆ. ಹಲಗೆಯ ದಪ್ಪ ಒಂದಾದರೆ ಇಳಿಜಾರು ಎಂಟರಷ್ಟು ಉದ್ದವಿರುವಂತೆ ಎರಡೂ ತುದಿಗಳನ್ನು ಓರೆಯಾಗಿ ಕೆತ್ತಿ ಬೆಸೆಯಬೇಕು. ತಿರುಪುಮೊಳೆಗಳು ಕಂಚಿನವಾಗಿರಲಿ. ಹಿತ್ತಾಳೆಯಲ್ಲಿರುವ ಸತುವನ್ನು ಉಪ್ಪುನೀರು ಕರಗಿಸಿ ಒಯ್ಯುತ್ತದೆ. ಉಳಿಯುವ ತಾಮ್ರ ಟೊಳ್ಳಾಗಿ ಮುರಿಯುತ್ತದೆ. ಜೋಡಿಸುವ ಮೊದಲೇ ಪ್ರತಿ ಹಲಗೆಯ ಬೆನ್ನಿಗೂ, ಮುಖ್ಯವಾಗಿ ಕೊಯ್ದ ತುದಿಗಳಿಗೂ, ವಾರ್ನಿಷ್ ಬಳಿದಿರಬೇಕು.

ಒಳಹೊದಿಕೆಯ ಹಲಗೆಗಳ ನಡುವೆ ಬೆರಳಿನಷ್ಟು ಸಂದು ಬಿಟ್ಟರೆ ಗಾಳಿ ಅಡಿಯಿಂದ ಮೇಲಕ್ಕೆ ಆಡುತ್ತದೆ. ಯಂತ್ರ ಪೆಟ್ರೋಲಿನದಾಗಿದ್ದರೆ ಗಾಳಿಯ ಓಡಾಟ ಇನ್ನೂ ಅಗತ್ಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಸಂಗ್ರಹವಾಗುತ್ತದೆ. ಮುಚ್ಚಿದ ಪೆಟ್ಟಿಗೆಯಂಥ ಕೋಣೆಯಲ್ಲಿ ಒಂದು ಕಿಡಿ ಸಾಕು. ಬೀರು, ಮಂಚಗಳ ತೂಕ ಎಡಬಲಗಳಲ್ಲಿ ಸಮವಾಗಿಯೂ ಸಾಧ್ಯವಾದಷ್ಟು ಕೆಳಗೂ ಇರಲಿ. ಇಲ್ಲವಾದರೆ ದೋಣಿ ಒಂದು ಮಗ್ಗುಲಿಗೆ ವಾಲುವುದು.

ಕೊನೆಯ ಮಾತು. ಒಳಗಿನ ಯಾವ ಹಲಗೆಯನ್ನೂ ಶಾಶ್ವತವಾಗಿ ಅಂಟಿಸಬಾರದು. ನಾಲ್ಕು ತಿರುಪು ಸಡಿಲಿಸಿದರೆ ಕಳಚಿಬರುವಂತಿರಬೇಕು. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಅದನ್ನು ಬಿಚ್ಚಿ ದಬ್ಬಳ ಹಿಡಿದು ನೋಡುವವನ ದೋಣಿ ಅವನ ಮಕ್ಕಳನ್ನೂ ದಡ ಸೇರಿಸೀತು.