ಅಮೃತಬಳ್ಳಿಯೂ ಭಕ್ಷಕಕಣಗಳೂ

ಅಮೃತಬಳ್ಳಿಯ ಪರಿಚಯ ನಮ್ಮ ಶ್ರೋತೃಗಳಿಗೆ ಹೊಸದಲ್ಲ. ಬೇಲಿಯ ಮೇಲೆ ಹಬ್ಬುವ, ಹೃದಯಾಕಾರದ ಎಲೆಗಳುಳ್ಳ ಈ ಬಳ್ಳಿಯನ್ನು ಕಡಿದು ತೂಗುಹಾಕಿದರೂ ಅದು ಮತ್ತೆ ಚಿಗುರುವುದುಂಟು. ಛಿನ್ನರುಹಾ ಎಂಬ ಸಂಸ್ಕೃತನಾಮವು ಬಂದುದು ಈ ಗುಣದಿಂದಲೇ. 2020ರಲ್ಲಿ ಕೊರೋನಾ ಹಬ್ಬಿದಾಗ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ಇದರ ಕಷಾಯವು ಕುದಿಯಿತು. ನಮ್ಮ ಮನೆಯಲ್ಲಿಯೂ ಕುದಿಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಅದು ರೋಗನಿರೋಧಶಕ್ತಿಯನ್ನು ಹೆಚ್ಚಿಸುವುದೆಂದು ಎಲ್ಲರೂ ಹೇಳಿದರು. ಹೆಚ್ಚುವುದೆಂದರೆ ಏನು, ಅದನ್ನು ಅಳೆಯುವುದು ಹೇಗೆ ಎಂದು ಕೇಳಿದವರು ಕಡಮೆ.

1882ರಲ್ಲಿ ರಷ್ಯಾ ದೇಶದ ಮೆಚ್ನಿಕಾಫ್ ಎಂಬ ಪ್ರಾಣಿಶಾಸ್ತ್ರಜ್ಞನು ಸಿಸಿಲಿಯ ಮೆಸ್ಸೀನಾದಲ್ಲಿ ನಕ್ಷತ್ರಮೀನಿನ ಮರಿಯ ಪಾರದರ್ಶಕವಾದ ದೇಹದೊಳಕ್ಕೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟನು. ಮರುದಿನ ಮುಂಜಾನೆ ನೋಡಲಾಗಿ, ಅಲೆದಾಡುವ ಕಣಗಳು ಆ ಮುಳ್ಳನ್ನು ಮುತ್ತಿದ್ದುವು. ನಮ್ಮ ದೇಹದಲ್ಲಿಯೂ ಇಂಥ ಕಣಗಳುಂಟು. ರೋಗಾಣುಗಳನ್ನು ನುಂಗಿ ಜೀರ್ಣಿಸಿಕೊಳ್ಳುವ ಇವುಗಳನ್ನು ಭಕ್ಷಕಕಣಗಳೆಂದು ಕರೆಯೋಣ.

ಇವುಗಳ ಹಸಿವನ್ನು ಅಳೆಯುವ ಉಪಾಯವು ಸರಳವಾದುದು. ಇಲಿಗೆ ಕೆಲವು ದಿನ ಸಸ್ಯಸಾರವನ್ನು ಕೊಟ್ಟು, ಅನಂತರ ಅದರ ಬಾಲದ ರಕ್ತನಾಳಕ್ಕೆ ನಯವಾದ ಕಪ್ಪು ಮಸಿಯನ್ನು ಹೊಗಿಸುತ್ತಾರೆ. ಕೆಲವು ನಿಮಿಷಗಳಿಗೊಮ್ಮೆ ರಕ್ತದ ತೊಟ್ಟನ್ನು ತೆಗೆದು ಅದರ ಕಪ್ಪನ್ನು ಅಳೆಯುತ್ತಾರೆ. ಮಸಿಯನ್ನು ನುಂಗುವುವು ಮುಖ್ಯವಾಗಿ ಯಕೃತ್ತು ಮತ್ತು ಗುಲ್ಮಗಳ ಭಕ್ಷಕಕಣಗಳು. ಕಪ್ಪು ಬೇಗನೆ ತಿಳಿಯಾದರೆ ಅವು ಚುರುಕಾಗಿವೆಯೆಂದು ಅರ್ಥ.

ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಸಂಶೋಧಕರು 1980ರ ದಶಕದಲ್ಲಿ ಇಲಿಗಳ ಪಿತ್ತನಾಳವನ್ನು ಕಟ್ಟಿ ಕಾಮಾಲೆಯನ್ನುಂಟುಮಾಡಿದರು. ಅಂಥ ಇಲಿಗಳ ಭಕ್ಷಕಕಣಗಳು ಮಂದವಾದುವು. ಅಮೃತಬಳ್ಳಿಯ ನೀರುಸಾರವನ್ನು ಕೊಡಲು ಮತ್ತೆ ಚೇತರಿಸಿಕೊಂಡುವು. ಇಷ್ಟರಮಟ್ಟಿಗೆ ಜನರ ಮಾತು ನಿಜ.

ಆದರೆ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಕೇಂದ್ರದವರು 2007ರಲ್ಲಿ ಪ್ರಕಟಿಸಿದ ಫಲವು ಬೇರೊಂದು ಮುಖವನ್ನು ತೋರುತ್ತದೆ. ಈ ಬಳ್ಳಿಯ ಕಾಂಡದಿಂದ ತೆಗೆದ ಒಂದು ಶರ್ಕರಸಮೂಹವನ್ನು ಮೊದಲೇ ಕೊಟ್ಟಿದ್ದ ಇಲಿಗಳು ಬ್ಯಾಕ್ಟೀರಿಯಾದ ಒಳವಿಷದ ಆಘಾತದಿಂದ ಪಾರಾದುವು. ಆ ಆಘಾತದಲ್ಲಿ ಪ್ರಾಣ ಹೋಗುವುದು ರಕ್ಷಕರು ದುರ್ಬಲರಾದುದರಿಂದಲ್ಲ, ಅವರು ಮಿತಿಮೀರಿ ಕೆರಳುವುದರಿಂದ. ಇಲ್ಲಿ ಬಳ್ಳಿಯು ಮಾಡಿದುದು ಕೆರಳುವಿಕೆಗೆ ಕಡಿವಾಣ ಹಾಕುವ ಕೆಲಸ. ಇದನ್ನು 'ಹೆಚ್ಚಿಸುವುದು' ಎನ್ನಲಾದೀತೆ? ಇನ್ನೊಂದು ತೊಡಕೂ ಉಂಟು: ಸಸ್ಯಸಾರವನ್ನು ತೆಗೆಯುವಾಗ ಬ್ಯಾಕ್ಟೀರಿಯಾದ ಒಳವಿಷವು ಲೇಶಮಾತ್ರ ಬೆರೆತರೂ ಭಕ್ಷಕಕಣಗಳು ಎಚ್ಚರಗೊಳ್ಳುತ್ತವೆ, ಕೀರ್ತಿಯು ಬಳ್ಳಿಗೆ ಸಲ್ಲುತ್ತದೆ. ಇದನ್ನು ಪರೀಕ್ಷಿಸದ ಪ್ರಯೋಗಗಳನ್ನು ನಾವು ನಂಬಲಾರೆವು.

2021ರಲ್ಲಿ ಮುಂಬಯಿಯ ವೈದ್ಯರು ಈ ಬಳ್ಳಿಯನ್ನು ಸೇವಿಸಿ ಯಕೃತ್ತು ಕೆಟ್ಟ ಆರು ರೋಗಿಗಳ ವರದಿಯನ್ನಿತ್ತರು. ಮುಂದೆ ದೇಶದ ಹದಿಮೂರು ಕೇಂದ್ರಗಳಿಂದ 43 ರೋಗಿಗಳ ವರದಿ ಬಂದಿತು. ಹಲವರಲ್ಲಿ ದೇಹವು ತನ್ನ ಯಕೃತ್ತನ್ನೇ ವೈರಿಯೆಂದೆಣಿಸಿ ಹಣಿದ ಲಕ್ಷಣಗಳಿದ್ದುವು. ಇದು ಅಮೃತಬಳ್ಳಿಯಲ್ಲ, ಅದನ್ನು ಹೋಲುವ ಬೇರೆ ಬಳ್ಳಿಯಿದ್ದೀತೆಂದು ಆಯುಷ್ ಸಚಿವಾಲಯವು ಆಕ್ಷೇಪಿಸಿತು. ಬೇಲಿಯಿಂದ ಕಿತ್ತು ತರುವವರಿಗೆ ಈ ಆಕ್ಷೇಪಣೆಯೂ ಸಮಾಧಾನವನ್ನು ಕೊಡುವಂತಿಲ್ಲ. ಥೈರಾಯ್ಡಿನ ಸ್ವಪ್ರತಿರಕ್ಷಾರೋಗವಾಗಲಿ ಯಕೃತ್ತಿನ ರೋಗವಾಗಲಿ ಉಳ್ಳವರು ವೈದ್ಯರನ್ನು ಕೇಳದೆ ಇದನ್ನು ಕುಡಿಯಬಾರದು. ಕುಡಿಯುತ್ತಿರುವವರ ಕಣ್ಣು ಹಳದಿಯಾದರೆ ಅಂದೇ ನಿಲ್ಲಿಸಿ, ಕುಡಿದುದನ್ನು ಬಚ್ಚಿಡದೆ ವೈದ್ಯರಿಗೆ ತಿಳಿಸತಕ್ಕದ್ದು.