ಕೇಳದೆ ಬಂದ ಆಪ್‌ಗಳು: ಫೋನಿನೊಳಗಿನ ಪೈಪೋಟಿ ಮತ್ತು ನಮ್ಮ ಹಕ್ಕು

ಸಂತೆಮರಹಳ್ಳಿಯ ಮೊಬೈಲ್ ಅಂಗಡಿಯಲ್ಲೋ ಚಾಮರಾಜನಗರದ ಶೋರೂಮಿನಲ್ಲೋ ನೀವು ಹೊಸ ಆಂಡ್ರಾಯ್ಡ್ ಫೋನ್ ಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಸಿಮ್ ಹಾಕಿ ಆನ್ ಮಾಡುವಷ್ಟರಲ್ಲಿ ಯೂಟ್ಯೂಬ್, ಕ್ರೋಮ್, ಮ್ಯಾಪ್ಸ್, ಜಿಮೇಲ್ ಎಲ್ಲವೂ ಹಾಜರಿರುತ್ತವೆ. ನೀವು ಕೇಳಿರಲಿಲ್ಲ, ಅಂಗಡಿಯವರು ಹಾಕಿಯೂ ಇರಲಿಲ್ಲ. ಬೇಡವೆಂದು ಯೂಟ್ಯೂಬ್ ತೆಗೆಯಲು ಹೋದರೆ ಸಾಮಾನ್ಯವಾಗಿ ‘ಅನ್‌ಇನ್‌ಸ್ಟಾಲ್’ (ಪೂರ್ತಿ ತೆಗೆದುಹಾಕುವುದು) ಸಿಗುವುದಿಲ್ಲ. ಸಿಗುವುದು ‘ಡಿಸೇಬಲ್’, ಅಂದರೆ ಕೆಲಸ ಮಾಡದಂತೆ ಮಲಗಿಸಿಡುವುದು ಮಾತ್ರ. ಇದರ ಹಿಂದೆ ದೊಡ್ಡ ಕಂಪನಿಗಳ ಜಗಳವಿದೆ, ಸಾವಿರಾರು ಕೋಟಿಯ ದಂಡದ ಕಥೆಯಿದೆ.

ಮೊದಲು ಕಾನೂನು ನೋಡೋಣ. ನಮ್ಮಲ್ಲಿ 2002ರ ಸ್ಪರ್ಧಾ ಕಾಯ್ದೆ ಇದೆ. ಅದನ್ನು ಜಾರಿ ಮಾಡುವುದು ದೆಹಲಿಯ ಭಾರತೀಯ ಸ್ಪರ್ಧಾ ಆಯೋಗ, ಚಿಕ್ಕದಾಗಿ ಸಿಸಿಐ. ಕಂಪನಿ ದೊಡ್ಡದಾಗಿ ಬೆಳೆಯುವುದನ್ನು ಈ ಕಾಯ್ದೆ ತಪ್ಪೆನ್ನುವುದಿಲ್ಲ. ದೊಡ್ಡದಾದ ಮೇಲೆ ಆ ಬಲದಿಂದ ಬೇರೆಯವರ ದಾರಿಗೆ ಅಡ್ಡ ನಿಂತರೆ ಅದು ತಪ್ಪು. ಸಂತೆಯ ಸುಂಕದ ಗುತ್ತಿಗೆ ಹಿಡಿದವರು ತಾವೂ ಒಂದು ತರಕಾರಿ ಅಂಗಡಿ ಇಟ್ಟರೆ ತಕರಾರಿಲ್ಲ. ಬಾಗಿಲ ಜಾಗ ತಮಗೇ ಇಟ್ಟುಕೊಂಡು ಉಳಿದವರನ್ನು ಮೂಲೆಗೆ ತಳ್ಳಿದರೆ ತಕರಾರು ಶುರುವಾಗುತ್ತದೆ.

ಗೂಗಲ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ ಎಂದು ಸಿಸಿಐ ಹೇಳಿತು. ಆಂಡ್ರಾಯ್ಡ್ ಫೋನ್ ನಡೆಸುವ ಮೂಲ ತಂತ್ರಾಂಶ. ಅದನ್ನು ಫೋನ್ ತಯಾರಕರು ಪುಕ್ಕಟೆಯಾಗಿ ಬಳಸಬಹುದು. ಆದರೆ ಪ್ಲೇ ಸ್ಟೋರ್, ಅಂದರೆ ಗೂಗಲ್‌ನ ಆಪ್ ಮಳಿಗೆ ಇಲ್ಲದ ಫೋನನ್ನು ಇಲ್ಲಿ ಯಾರು ಕೊಳ್ಳುತ್ತಾರೆ? ಪ್ಲೇ ಸ್ಟೋರ್ ಬೇಕೆಂದರೆ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು: ಗೂಗಲ್‌ನ ಉಳಿದ ಆಪ್‌ಗಳನ್ನೂ ಒಟ್ಟಿಗೆ ಹಾಕಬೇಕು, ಗೂಗಲ್ ಹುಡುಕಾಟದ ಪಟ್ಟಿ ಮುಖಪರದೆಯಲ್ಲೇ ಇರಬೇಕು. ಬಿಡಿಯಾಗಿ ಕೊಡುವುದಿಲ್ಲ, ಬೇಕಿದ್ದರೆ ಇಡೀ ಗಂಟು ಎಂಬ ಲೆಕ್ಕ. 2022ರ ಅಕ್ಟೋಬರ್ 20ರಂದು ಆಯೋಗ ₹1,337.76 ಕೋಟಿ ದಂಡ ಹಾಕಿತು. ಅದೇ ತಿಂಗಳ 25ರಂದು ಪ್ಲೇ ಸ್ಟೋರಿನ ಹಣ ಪಾವತಿ ನಿಯಮಗಳಿಗಾಗಿ ಇನ್ನೂ ₹936.44 ಕೋಟಿ ಬಿತ್ತು.

ದಂಡ ಸರಿ, ನಮ್ಮ ಫೋನಿನಲ್ಲಿ ಏನು ಬದಲಾಯಿತು ಎಂದು ನೀವು ಕೇಳಬಹುದು. ಒಂದಷ್ಟು ಬದಲಾಯಿತು. ಫೋನ್ ತಯಾರಕರಿಗೆ ಆಪ್‌ಗಳನ್ನು ಬಿಡಿಯಾಗಿ ಕೊಡುವುದಾಗಿ 2023ರ ಜನವರಿಯಲ್ಲಿ ಗೂಗಲ್ ಪ್ರಕಟಿಸಿತು. ಹೊಸ ಫೋನ್ ಸಿದ್ಧಪಡಿಸುವಾಗ ಯಾವ ಸರ್ಚ್ ಎಂಜಿನ್ (ಹುಡುಕುವ ಸಾಧನ) ಬೇಕೆಂದು ಕೇಳುವ ಪರದೆ ತರುತ್ತೇವೆ ಎಂದೂ ಹೇಳಿತು. ಆದರೆ ಅದೇ ವರ್ಷದ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಎಟಿ, ದಂಡವನ್ನು ಎತ್ತಿಹಿಡಿದರೂ ಸಿಸಿಐನ ನಾಲ್ಕು ಸೂಚನೆಗಳನ್ನು ಕೈಬಿಟ್ಟಿತು. ಮೊದಲೇ ಹಾಕಿದ ಆಪ್ ತೆಗೆಯಲು ಬಿಡಬೇಕೆಂಬ ಸೂಚನೆಯೂ ಅದರಲ್ಲಿ ಹೋಯಿತು. ನಿಮ್ಮ ಯೂಟ್ಯೂಬ್‌ಗೆ ಇವತ್ತಿಗೂ ಡಿಸೇಬಲ್ ಮಾತ್ರ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಹಾಗಿದ್ದರೂ ಕೈಗೆ ಸಿಕ್ಕಿದ್ದನ್ನು ಬಳಸಿಕೊಳ್ಳಿ. ಸೆಟ್ಟಿಂಗ್ಸ್ ತೆರೆದು ‘ಆಪ್ಸ್’ಗೆ ಹೋಗಿ ಬೇಡದ್ದನ್ನು ಡಿಸೇಬಲ್ ಮಾಡಿ. ಅದು ಹಿನ್ನೆಲೆಯಲ್ಲಿ ಡೇಟಾ ತಿನ್ನುವುದು ನಿಲ್ಲುತ್ತದೆ. ಮುಂದೆ ಬೇಕಾದರೆ ಅಲ್ಲೇ ‘ಎನೇಬಲ್’ ಒತ್ತಿದರಾಯಿತು. ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ‘ಸರ್ಚ್ ಎಂಜಿನ್’ ಬದಲಿಸಬಹುದು. ಇದಕ್ಕೆಲ್ಲ ಕಾಸು ಖರ್ಚಿಲ್ಲ.

ಪ್ಲೇ ಸ್ಟೋರ್ ಬಿಟ್ಟು ಬೇರೆ ಮಳಿಗೆ ಇಲ್ಲವೇ? ಇದೆ. ಬೆಂಗಳೂರಿನ ಫೋನ್‌ಪೇ 2024ರ ಫೆಬ್ರವರಿಯಲ್ಲಿ ‘ಇಂಡಸ್ ಆಪ್‌ಸ್ಟೋರ್’ ಶುರುಮಾಡಿತು. ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿದೆ. ಪ್ಲೇ ಸ್ಟೋರಿನಲ್ಲಿ ಹುಡುಕಿದರೆ ಮಾತ್ರ ಸಿಗುವುದಿಲ್ಲ, ಏಕೆಂದರೆ ಬೇರೆ ಆಪ್ ಮಳಿಗೆಗೆ ಅಲ್ಲಿ ಜಾಗವಿಲ್ಲ. ಜಾಗ ಕೊಡಬೇಕೆಂದು ಸಿಸಿಐ ಹೇಳಿದ್ದು ಕೂಡ ಕೈಬಿಟ್ಟ ನಾಲ್ಕರಲ್ಲಿ ಒಂದು. ಸಾಮಾನ್ಯವಾಗಿ ಇಂಡಸ್ ಅನ್ನು ಅದರ ಸ್ವಂತ ಜಾಲತಾಣದಿಂದ ಇಳಿಸಿಕೊಳ್ಳಬೇಕು. ಆಗ ಫೋನ್ ತಡೆದು, ಇದು ಅಪರಿಚಿತ ಮೂಲದ ಆಪ್, ಅಪಾಯವಿರಬಹುದು ಎನ್ನುತ್ತದೆ. ನೀವು ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಟ್ಟ ಮೇಲೆಯೇ ಮುಂದಿನ ಮಾತು.

ಈ ಎಚ್ಚರಿಕೆ ಪೈಪೋಟಿ ತಡೆಯುವ ಉಪಾಯ ಎಂದು ಎದುರಾಳಿಗಳು ದೂರುತ್ತಾರೆ. ನನಗೆ ಕಂಡಂತೆ ಅದು ಅರ್ಧ ನಿಜ. ಮದುವೆ ಕರೆಯೋಲೆ ಎಂದು ವಾಟ್ಸ್ಆಪ್‌ನಲ್ಲಿ ಬರುವ ಎಪಿಕೆ ಫೈಲ್ (ಮಳಿಗೆಯ ಹೊರಗಿನಿಂದ ಆಪ್ ಹಾಕುವ ಕಡತ) ಒತ್ತಿ ಬ್ಯಾಂಕ್ ಖಾತೆ ಬರಿದು ಮಾಡಿಕೊಂಡವರಿದ್ದಾರೆ. ಹಾಗಾಗಿ ಕಂಪನಿಯ ಸ್ವಂತ ಜಾಲತಾಣ ಬಿಟ್ಟು ಬೇರೆಲ್ಲಿಂದಲೂ ಹಾಕಬೇಡಿ. ಕೆಲಸ ಮುಗಿದ ಕೂಡಲೇ ಆ ಅನುಮತಿಯನ್ನು ಮತ್ತೆ ಮುಚ್ಚಿ.

ನಮ್ಮ ರಾಜ್ಯದ ಕಂಪನಿ ಎಂದು ಕಣ್ಣು ಮುಚ್ಚಿ ಫೋನ್‌ಪೇ ಪರ ನಿಲ್ಲಬೇಕಾಗಿಯೂ ಇಲ್ಲ. ಅದರ ಬಹುಪಾಲು ಒಡೆತನ ಅಮೆರಿಕದ ವಾಲ್‌ಮಾರ್ಟ್‌ನದು. ಯುಪಿಐ ಪಾವತಿಯಲ್ಲಿ ಫೋನ್‌ಪೇಯೇ ಎಲ್ಲರಿಗಿಂತ ದೊಡ್ಡದು, ಎರಡನೆಯದು ಗೂಗಲ್ ಪೇ. ಯಾವ ಆಪ್‌ಗೂ ಶೇ. 30ಕ್ಕಿಂತ ಹೆಚ್ಚು ಪಾಲು ಇರಬಾರದೆಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2020ರಲ್ಲೇ ಮಿತಿ ಹಾಕಿತ್ತು. ಗಡುವು ಮುಂದೆ ಹೋಗಿ ಹೋಗಿ 2026ರ ಡಿಸೆಂಬರ್ 31ಕ್ಕೆ ಬಂದು ನಿಂತಿತು.

ಇನ್ನು ಹಣದ ಮಾತು. ಪ್ಲೇ ಸ್ಟೋರಿನ ಆಪ್‌ನೊಳಗೆ ನೀವು ಡಿಜಿಟಲ್ ಚಂದಾ ಕಟ್ಟಿದರೆ ಅದರಲ್ಲಿ ಗೂಗಲ್ ಸಾಮಾನ್ಯವಾಗಿ ಶೇ. 15ರಿಂದ 30 ಕಮಿಷನ್ ಹಿಡಿಯುತ್ತದೆ. ಬೇರೆ ಪಾವತಿ ವ್ಯವಸ್ಥೆ ಬಳಸಲು ಬಿಟ್ಟ ಮೇಲೂ ಅದು ಶೇ. 11, 26ಕ್ಕೆ ಇಳಿಯಿತು ಅಷ್ಟೇ. ಇದು ಕಡೆಗೆ ಚಂದಾದ ಬೆಲೆಯಲ್ಲಿ ಸೇರಿಕೊಂಡಿರುತ್ತದೆ. ಅದೇ ಚಂದಾ ಕಂಪನಿಯ ಜಾಲತಾಣದಲ್ಲಿ ಕಡಿಮೆಗೆ ಇದೆಯೇ ಎಂದು ಒಮ್ಮೆ ನೋಡಿ ಕಟ್ಟಿ. ಪ್ಲೇ ಸ್ಟೋರಿನ ಪಾವತಿ ನಿಯಮಗಳಿಗೆ ಬಿದ್ದಿದ್ದ ₹936.44 ಕೋಟಿ ದಂಡವನ್ನು ನ್ಯಾಯಮಂಡಳಿ 2025ರ ಮಾರ್ಚ್‌ನಲ್ಲಿ ₹216.69 ಕೋಟಿಗೆ ಇಳಿಸಿತು.

ನಮ್ಮಂಥವರು ದೂರು ಕೊಟ್ಟರೆ ಕೇಳುವವರು ಯಾರು ಎಂಬ ಅನುಮಾನ ಸಹಜ. ಆಂಡ್ರಾಯ್ಡ್ ಪ್ರಕರಣ ಶುರುವಾದದ್ದು ಎದುರಾಳಿ ಕಂಪನಿಯಿಂದಲ್ಲ. ಆಂಡ್ರಾಯ್ಡ್ ಫೋನ್ ಬಳಸುತ್ತಿದ್ದ ಮೂವರು ಕೊಟ್ಟ ಅರ್ಜಿಯಿಂದ. ಈ ಅರ್ಜಿಗೆ ಕಾಯ್ದೆಯಲ್ಲಿ ‘ಮಾಹಿತಿ’ ಎನ್ನುತ್ತಾರೆ. ಯಾವುದೇ ವ್ಯಕ್ತಿ ಅಥವಾ ಗ್ರಾಹಕರ ಸಂಘ ಸಲ್ಲಿಸಬಹುದು. ವ್ಯಕ್ತಿಗಳಿಗೆ ಶುಲ್ಕ ₹5,000, ಕಂಪನಿಗಳಿಗೆ ವಹಿವಾಟು ನೋಡಿ ಹೆಚ್ಚು. ವಕೀಲರು ಕಡ್ಡಾಯವಲ್ಲ. ಹೆಸರು ಗುಟ್ಟಾಗಿಡಿ ಎಂದು ಕೋರಬಹುದು. ಘಟನೆ ನಡೆದು ಮೂರು ವರ್ಷದೊಳಗೆ ಕೊಡಬೇಕು. ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ಆಯೋಗ ತನ್ನ ಮಹಾನಿರ್ದೇಶಕರಿಗೆ ತನಿಖೆ ಒಪ್ಪಿಸುತ್ತದೆ, ಇಲ್ಲದಿದ್ದರೆ ಅಲ್ಲಿಗೇ ಮುಗಿಸುತ್ತದೆ.

ಒಂದು ಮಾತು ಸ್ಪಷ್ಟವಿರಲಿ. ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ, ಅರ್ಜಿದಾರರಿಗಲ್ಲ. ಫೋನ್ ಕೆಟ್ಟಿದೆ, ವಾರಂಟಿ ಕೊಡುತ್ತಿಲ್ಲ, ಚಂದಾ ಎರಡು ಸಲ ಕಡಿತವಾಯಿತು ಎಂಬಂಥ ದೂರಿಗೆ ಸಿಸಿಐ ಜಾಗವಲ್ಲ. ಅದಕ್ಕೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಬಿಲ್ಲು, ವಾರಂಟಿ ಕಾರ್ಡು, ಬಂದ ಸಂದೇಶಗಳ ಸ್ಕ್ರೀನ್‌ಶಾಟು ಹಿಡಿದುಕೊಂಡು ಚಾಮರಾಜನಗರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ.